ಬಟನ್ ರೋಸ್ ಎಲೆ ಮೇಲೆ ಬಿಳಿ ಪುಡಿಯೇ? ಮೊದಲು ಒರೆಸಿ ನೋಡಿ, ಆಮೇಲೆ ಔಷಧಿ

ದೀಪಾವಳಿ ಮುಗಿದು ಚಳಿ ಶುರುವಾದರೆ ಸಾಕು, ಬೆಂಗಳೂರು, ಮೈಸೂರಿನ ಬಾಲ್ಕನಿಗಳಲ್ಲಿ ಬಟನ್ ರೋಸ್ ಎಲೆಗಳು ಬೆಳ್ಳಗಾಗತೊಡಗುತ್ತವೆ. ಕಂಡ ಕೂಡಲೇ ನರ್ಸರಿಗೆ ಓಡಿ ಯಾವುದೋ ಔಷಧಿ ತಂದು ಹೊಡೆಯುವವರೇ ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಬೆಳ್ಳಗಿರುವುದೆಲ್ಲ ರೋಗವಲ್ಲ. ಬೋರ್‌ವೆಲ್ ನೀರಿನ ಕಲೆಗೆ ರೋಗದ ಔಷಧಿ ಹೊಡೆದರೆ ದುಡ್ಡೂ ದಂಡ, ಆ ಪುಟ್ಟ ಗಿಡಕ್ಕೂ ಸುಮ್ನೆ ಕಾಟ.

ಮೊದಲ ಕೆಲಸ: ಗುರುತು ಹಿಡಿಯುವುದು

ಬೆಳಗಿನ ಬೆಳಕಿನಲ್ಲಿ ಕುಂಡವನ್ನು ಹತ್ತಿರ ಎಳೆದುಕೊಂಡು ಒಂದು ಎಲೆಯನ್ನು ಒಣ ಬೆರಳಿನಿಂದ ಒರೆಸಿ.

ಪುಡಿ ಬೆರಳಿಗೆ ಅಂಟಿತು, ಆದರೆ ನಾಲ್ಕೈದು ದಿನದಲ್ಲಿ ಮತ್ತೆ ಬಂತು ಅಂದರೆ ಅದು ಬೂದಿ ರೋಗ. ಇದು ಮೊದಲು ಹಿಡಿಯುವುದು ಎಳೆ ಚಿಗುರನ್ನು. ಚಿಗುರೆಲೆ ಮುದುರಿ, ಕೆಂಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮೊಗ್ಗಿನ ಕೆಳಗಿನ ತೊಟ್ಟನ್ನೂ ನೋಡಿ. ಅಲ್ಲೂ ಹಿಟ್ಟು ಮೆತ್ತಿದಂತಿದ್ದರೆ ಅನುಮಾನವೇ ಬೇಡ.

ಕಲೆ ಹಳೆಯ ಎಲೆಗಳ ಮೇಲ್ಭಾಗದಲ್ಲಿ ಮಾತ್ರ ಇದೆ, ನೀರ ಹನಿ ಒಣಗಿದ ಉಂಗುರದಂತಿದೆ, ಒರೆಸಿದರೆ ಸುಲಭವಾಗಿ ಹೋಗುವುದಿಲ್ಲ ಅಂದರೆ ಅದು ಗಡಸು ನೀರಿನ ಸುಣ್ಣ. ಒಂದು ಲೋಟ ನೀರಿಗೆ ಅರ್ಧ ಚಮಚ ವಿನೆಗರ್ ಬೆರೆಸಿ, ಹತ್ತಿಯಲ್ಲಿ ಅದ್ದಿ ಒರೆಸಿ. ಕಲೆ ಕರಗುತ್ತದೆ. ಆಮೇಲೆ ಬರೀ ನೀರಿನಿಂದ ತೊಳೆದುಬಿಡಿ. ಇನ್ನು ಮುಂದೆ ಬುಡಕ್ಕೆ ಮಾತ್ರ ನೀರು ಹಾಕಿ. ಬೇರೇನೂ ಬೇಕಿಲ್ಲ.

ಎಲೆ ಕಾಂಡ ಸೇರುವ ಸಂದಿಯಲ್ಲಿ ಹತ್ತಿಯಂಥ ಗಂಟುಗಳಿದ್ದು, ಇರುವೆ ಓಡಾಡುತ್ತಿದ್ದರೆ ಅದು ಹಿಟ್ಟು ತಿಗಣೆ. ಎಲೆ ಮೇಲೆ ಸೂಜಿ ಚುಚ್ಚಿದಂಥ ಬಿಳಿ ಚುಕ್ಕಿಗಳಿದ್ದರೆ ಬಿಳಿ ಹಾಳೆಯ ಮೇಲೆ ಎಲೆಯನ್ನು ತಟ್ಟಿ. ಬಿದ್ದ ಚುಕ್ಕಿಗಳು ಹರಿದಾಡಿದರೆ ನುಸಿ. ಎರಡಕ್ಕೂ ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹಾಯಿಸಿ, ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪು ನೀರಿನಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ.

ಬೂದಿ ರೋಗವೇ ಆದರೆ

ಈ ರೋಗ ತರುವ ಶಿಲೀಂಧ್ರದ ಸ್ವಭಾವ ಸ್ವಲ್ಪ ಬೇರೆ. ಬೇರೆ ಎಷ್ಟೋ ರೋಗಗಳಿಗೆ ಎಲೆ ಒದ್ದೆಯಾಗಿರಬೇಕು, ಇದಕ್ಕೆ ಬೇಕಿಲ್ಲ. ಹಗಲು ಒಣ ಬಿಸಿಲು, ರಾತ್ರಿ ತಂಪು ಮತ್ತು ತೇವದ ಗಾಳಿ ಇದ್ದರೆ ಸಾಕು. ನಮ್ಮ ಚಳಿಗಾಲ ಹಾಗೇ ಇರುತ್ತದೆ ಅಲ್ವಾ? ಎಲೆ ಮೇಲೆ ನೀರು ನಿಂತರೆ ಇದರ ಬೀಜಕಣ ಸರಿಯಾಗಿ ಮೊಳೆಯುವುದೇ ಇಲ್ಲ. ಹಾಗಾಗಿ ಬೆಳಗ್ಗೆ ಎಲೆ ತೊಳೆಯುವುದು ಒಳ್ಳೆಯ ಮದ್ದು. ಸಂಜೆ ಮಾತ್ರ ತೊಳೆಯಬೇಡಿ. ರಾತ್ರಿಯೆಲ್ಲ ಒದ್ದೆಯಿದ್ದರೆ ಕಪ್ಪು ಚುಕ್ಕೆ ರೋಗ ಬರುತ್ತದೆ.

ತೊಳೆಯುವ ಮೊದಲು ತೀರಾ ಮುದುರಿದ ಚಿಗುರು, ಬೆಳ್ಳಗಾದ ಮೊಗ್ಗು ಎಲ್ಲವನ್ನೂ ಕತ್ತರಿಸಿ ಕಸದ ಚೀಲಕ್ಕೆ ಹಾಕಿ. ಕುಂಡದಲ್ಲೇ ಉದುರಿಸಬೇಡಿ. ಕುಂಡಗಳ ನಡುವೆ ಒಂದು ಗೇಣು ಜಾಗ ಬಿಡಿ, ಗಾಳಿ ಆಡಲಿ. ಗಿಡಕ್ಕೆ ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳಲಿ.

ಆಮೇಲೆ ಸಿಂಪಡಣೆ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ, ಎರಡು ಮೂರು ಹನಿ ಸೋಪು ದ್ರಾವಣ. ವಾರಕ್ಕೊಮ್ಮೆ ಸಾಕು. ಮೊದಲು ಎರಡು ಎಲೆಗೆ ಮಾತ್ರ ಹೊಡೆದು, ಎಲೆ ಸುಡುತ್ತದೆಯೇ ಎಂದು ಒಂದು ದಿನ ಕಾದು ನೋಡಿ. ಸಿಂಪಡಿಸುವಾಗ ಕುಂಡದ ಮಣ್ಣನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಸೋಡಾದ ಸೋಡಿಯಂ ಅಷ್ಟು ಸಣ್ಣ ಕುಂಡದಲ್ಲಿ ಸೇರುತ್ತಾ ಹೋದರೆ ಬೇರಿಗೆ ತೊಂದರೆ. ಸೋಡಾ ಬೇಡವೆಂದರೆ ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಬಿಸಿಲಿರುವ ಬೆಳಗ್ಗೆ ಹೊಡೆಯಿರಿ. ಬ್ರೆಜಿಲ್‌ನ ಸಂಶೋಧಕ ವ್ಯಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಜುಕಿನಿ (ಕುಂಬಳದ ಜಾತಿಯ ತರಕಾರಿ) ಗಿಡಗಳ ಬೂದಿ ರೋಗವನ್ನು ಹಸುವಿನ ಹಾಲಿನಿಂದ ಹತೋಟಿಗೆ ತಂದು ತೋರಿಸಿದ್ದರು. ನನ್ನ ಆಯ್ಕೆಯೂ ಹಾಲೇ. ಸಣ್ಣ ಗಿಡಕ್ಕೆ ಅದು ಮೃದು.

ಎರಡು ವಾರಕ್ಕೂ ಬಗ್ಗದಿದ್ದರೆ ಗೊಬ್ಬರದ ಅಂಗಡಿಯಲ್ಲಿ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಸಿಗುತ್ತದೆ. ಲೀಟರಿಗೆ 2 ಗ್ರಾಂ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಿಸಿಲು 30 ಡಿಗ್ರಿ ದಾಟುವ ದಿನ ಬೇಡ, ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗದಿದ್ದರೂ ಬೇಡ. ಎಲೆ ಸುಟ್ಟುಹೋಗುತ್ತದೆ.

ರೋಗ ಇರುವಷ್ಟು ದಿನ ಯೂರಿಯಾ ಹಾಕಬೇಡಿ. ಅದರಿಂದ ಬರುವ ಮೆತ್ತನೆಯ ಚಿಗುರೇ ರೋಗಕ್ಕೆ ಇಷ್ಟ. ಹಳೆಯ ಎಲೆಯ ಕಲೆ ಪೂರ್ತಿ ಹೋಗಲಿಲ್ಲವೆಂದು ಮತ್ತೆ ಮತ್ತೆ ಹೊಡೆಯುವುದೂ ಬೇಡ. ಹೊಸದಾಗಿ ಬಂದ ಎಲೆ ಸಪಾಟಾಗಿ, ಹೊಳೆಯುತ್ತಾ ಬಿಚ್ಚಿಕೊಂಡರೆ ಸಿಂಪಡಣೆ ನಿಲ್ಲಿಸಬಹುದು.