ಕೋಡ್‌ಗಿಂತ ಮೊದಲು ಸಾಕ್ಷ್ಯದ ಸಾಲು

ಅಮೆರಿಕದ ಆಸ್ಪತ್ರೆಗಳ ಚಾರ್ಟ್‌ಗಳಿಗೆ (ರೋಗಿಯ ದಾಖಲೆಗಳಿಗೆ) ಕಾಯಿಲೆಗಳ ಕೋಡ್ ಹಾಕುವ ತಂಡದಲ್ಲಿ ನಾನಿದ್ದೇನೆ. ಈ ಕೆಲಸವನ್ನು ಯಂತ್ರಕ್ಕೆ ಕಲಿಸುವ ಮಾತು ಬಂದಾಗ ಎಲ್ಲರ ಗಮನವೂ ಅಲ್ಲಿನ ಕಾಯಿಲೆಗಳ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂನ 70,000ಕ್ಕೂ ಹೆಚ್ಚು ಕೋಡ್‌ಗಳ ಮೇಲೆಯೇ ಇತ್ತು. ಅಷ್ಟರಲ್ಲಿ ಒಂದನ್ನು ಆರಿಸುವುದೇ ಕಷ್ಟ ಎಂದು ಹೊರಗಿನವರಿಗೆ ತೋರುತ್ತದೆ. ನನ್ನ ಮಟ್ಟಿಗೆ ಕಷ್ಟ ಬೇರೆಡೆ ಇದೆ: ಚಾರ್ಟ್‌ನ ಯಾವ ಸಾಲು ಈ ರೋಗಿಯ ಈ ಭೇಟಿಯ ಕಾಯಿಲೆಯನ್ನು ಹೇಳುತ್ತಿದೆ ಎಂಬುದನ್ನು ಹಿಡಿಯುವುದು.

‘ನ್ಯುಮೋನಿಯಾದ ಲಕ್ಷಣವಿಲ್ಲ’, ‘ತಂದೆಗೆ ಮಧುಮೇಹವಿತ್ತು’. ಎರಡರಲ್ಲೂ ಕಾಯಿಲೆಯ ಹೆಸರಿದೆ, ರೋಗಿಗೆ ಆ ಕಾಯಿಲೆ ಇದೆಯೆಂದು ಎರಡೂ ಹೇಳುವುದಿಲ್ಲ. ಆದ್ದರಿಂದ ಮೊದಲು ಚಾರ್ಟನ್ನು ಭಾಗಗಳಾಗಿ ಒಡೆದೆವು: ಕುಟುಂಬದ ಇತಿಹಾಸ, ಹಳೆಯ ಕಾಯಿಲೆಗಳು, ಇಂದಿನ ತೀರ್ಮಾನ. ‘ಇಲ್ಲ’ ಎನ್ನುವ ಮಾತುಗಳನ್ನು ಗುರುತಿಸಲು 2001ರಷ್ಟು ಹಳೆಯದಾದ ನೆಗ್‌ಎಕ್ಸ್ ವಿಧಾನವನ್ನೇ ಮೊದಲ ಜರಡಿಯಾಗಿ ಇಟ್ಟುಕೊಂಡೆವು. ಹಳತೆಂದು ಮೂಗು ಮುರಿಯುವವರಿದ್ದರು; ಅದು ತನ್ನ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿತು. ಹೆಚ್ಚು ಕಾಡಿದ್ದು ನಕಲು ಮಾಡಿ ಅಂಟಿಸಿದ ಟಿಪ್ಪಣಿಗಳು. ಹಿಂದಿನ ಭೇಟಿಯ ಪಠ್ಯದೊಂದಿಗೆ ಹೋಲಿಸಿ, ಅಕ್ಷರಶಃ ಮರುಕಳಿಸಿದ ಸಾಲುಗಳನ್ನು ಮಸುಕಾಗಿ ತೋರಿಸುವಂತೆ ಮಾಡಿದೆವು. ಅಂಥ ಸಾಲೊಂದನ್ನೇ ನಂಬಿ ಕೋಡ್ ಸೂಚಿಸಲು ಯಂತ್ರಕ್ಕೆ ಅನುಮತಿಯಿಲ್ಲ.

ಶಂಕೆಯ ಮಾತುಗಳದ್ದು ಇನ್ನೊಂದೇ ಕತೆ. ‘ಬಹುಶಃ ನ್ಯುಮೋನಿಯಾ’ ಎಂದು ವೈದ್ಯರು ಬರೆದಿದ್ದಾರೆ ಎನ್ನಿ. ಹೊರರೋಗಿಯಾದರೆ ನ್ಯುಮೋನಿಯಾದ ಕೋಡ್ ಹಾಕುವಂತಿಲ್ಲ. ಕೆಮ್ಮು, ಜ್ವರದಂಥ ಲಕ್ಷಣಗಳಿಗಷ್ಟೇ ಹಾಕಬೇಕು. ಒಳರೋಗಿಯಾಗಿದ್ದು, ಬಿಡುಗಡೆಯ ಹೊತ್ತಿಗೂ ಆ ಶಂಕೆ ಹಾಗೆಯೇ ಉಳಿದಿದ್ದರೆ, ಕಾಯಿಲೆ ಇದೆ ಎಂದೇ ಭಾವಿಸಿ ಜೆ18.9 ಎಂಬ ನ್ಯುಮೋನಿಯಾದ ಕೋಡನ್ನೇ ಹಾಕಬೇಕು. ವಾಕ್ಯ ಅದೇ, ಕೋಡ್ ಬೇರೆ. ಭೇಟಿಯ ಬಗೆಯನ್ನು ದಾಖಲೆ ವ್ಯವಸ್ಥೆಯಿಂದ ನೇರವಾಗಿ ಪಡೆಯದೆ, ಬರೀ ಪಠ್ಯ ಓದುವ ಯಂತ್ರಕ್ಕೆ ಇದು ಎಂದೂ ತಿಳಿಯದು.

ಇದನ್ನೆಲ್ಲ ಕಂಡ ಮೇಲೆ, ಭಾಷಾ ಮಾದರಿ (ಪಠ್ಯ ಓದಿ ಬರೆಯುವ ಎಐ) ಕೋಡ್ ಕೊಡಲೇಕೂಡದು ಎಂದು ನಾನು ಹಟ ಹಿಡಿದೆ. ಕಾಯಿಲೆಯನ್ನೂ ಅದನ್ನು ಹೇಳುವ ಸಾಲನ್ನೂ ಅದು ತೋರಿಸಲಿ. ಕೋಡನ್ನು ನಿಯಮಗಳ ಪಟ್ಟಿ ತೀರ್ಮಾನಿಸಲಿ. ಒಂದು ಚಾರ್ಟ್‌ನಲ್ಲಿ ಟೈಪ್ 2 ಮಧುಮೇಹ, ಅಧಿಕ ರಕ್ತದೊತ್ತಡ, 3ಎ ಹಂತದ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಮೂರೂ ಇವೆ ಎನ್ನೋಣ. ಒಂದರಿಂದ ಇನ್ನೊಂದು ಬಂತೆಂದು ವೈದ್ಯರು ಬರೆದಿರುವುದಿಲ್ಲ. ಆದರೂ, ಸಂಬಂಧವಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳದಿದ್ದರೆ, ಸಂಬಂಧವಿದೆ ಎಂದೇ ಕೋಡಿಂಗ್‌ನ ಅಧಿಕೃತ ಮಾರ್ಗಸೂಚಿ ಎಣಿಸುತ್ತದೆ. ಹಾಗಾಗಿ ಕೋಡ್‌ಗಳು ಇ11.22 (ಮೂತ್ರಪಿಂಡ ಕಾಯಿಲೆಯೊಡನೆ ಮಧುಮೇಹ), ಐ12.9 (ಮೂತ್ರಪಿಂಡ ಕಾಯಿಲೆಯೊಡನೆ ಅಧಿಕ ರಕ್ತದೊತ್ತಡ), ಎನ್18.31 (ಆ ಕಾಯಿಲೆಯ 3ಎ ಹಂತ). ಇಂಥ ತರ್ಕವನ್ನು ಮಾದರಿಯ ಊಹೆಗೆ ಬಿಟ್ಟರೆ ಆಡಿಟ್‌ನಲ್ಲಿ ಉತ್ತರ ಕೊಡುವವರು ಯಾರು?

ನಿಯಮಕ್ಕೆ ದಿನಾಂಕವೂ ಬೇಕು. ಮೂತ್ರಪಿಂಡ ಕಾಯಿಲೆಯ 3ನೇ ಹಂತಕ್ಕಿದ್ದ ಎನ್18.3 ಎಂಬ ಒಂದೇ ಕೋಡ್ 2020ರ ಅಕ್ಟೋಬರ್ 1ರಿಂದ ಮೂರಾಗಿ ಒಡೆಯಿತು. ಹೀಗಾಗಿ ಪ್ರತಿ ಕೋಡ್‌ಗೂ ಜಾರಿಯ ಆರಂಭ ಮತ್ತು ಅಂತ್ಯದ ದಿನಾಂಕ ಇಟ್ಟೆವು. ಒಳರೋಗಿಗೆ ಬಿಡುಗಡೆಯ ದಿನ, ಹೊರರೋಗಿಗೆ ಸೇವೆ ಪಡೆದ ದಿನ ನೋಡಿ ಪಟ್ಟಿ ತೆರೆದುಕೊಳ್ಳುತ್ತದೆ.

ಪರದೆಯ ವಿಷಯದಲ್ಲಿ ನನ್ನದು ಒಂದೇ ಬೇಡಿಕೆ: ‘ಶೇ 97 ಖಚಿತ’ ಎಂಬಂಥ ಅಂಕಿ ಕೋಡರ್‌ಗೆ ಕಾಣಬಾರದು. ಅದನ್ನು ಕಂಡರೆ ಕಣ್ಣು ಸಾಕ್ಷ್ಯದ ಸಾಲನ್ನು ಹಾರಿಸಿಬಿಡುತ್ತದೆ. ಕೋಡ್ ಒತ್ತಿದರೆ ಟಿಪ್ಪಣಿಯ ಸಾಲು ಬೆಳಗುತ್ತದೆ. ಒಪ್ಪಬಹುದು, ಇಲ್ಲವೇ ಕಾರಣ ಕೊಟ್ಟು ತಳ್ಳಬಹುದು. ತಳ್ಳಿದ ಕಾರಣಗಳಷ್ಟು ಉಪಯುಕ್ತ ಮಾಹಿತಿ ನಮಗೆ ಬೇರೆಲ್ಲೂ ಸಿಗಲಿಲ್ಲ. ಮನುಷ್ಯರ ಕೈ ಸೋಕದೆ ಹೋಗುವುದು ಹೊರರೋಗಿಗಳ ಸರಳ ಎಕ್ಸ್-ರೇ ವರದಿಗಳು ಮಾತ್ರ. ಶಸ್ತ್ರಚಿಕಿತ್ಸೆಯ ವರದಿಗಳನ್ನು ಇನ್ನೂ ಕೋಡರ್‌ಗಳೇ ಓದುತ್ತಾರೆ.

ಟಿಪ್ಪಣಿ ಅಸ್ಪಷ್ಟವಾಗಿದ್ದಾಗ ವೈದ್ಯರಿಗೆ ಹೋಗುವ ಪ್ರಶ್ನೆಗಳ ಕರಡನ್ನೂ ಈಗ ಯಂತ್ರವೇ ಬರೆಯುತ್ತದೆ. ‘ಹೃದಯ ವೈಫಲ್ಯ’ ಎಂದಷ್ಟೇ ಬರೆದಿದ್ದರೆ ಬಗೆ ಹೇಳದ ಹೃದಯ ವೈಫಲ್ಯದ ಕೋಡ್ ಐ50.9ಕ್ಕೇ ನಿಲ್ಲಬೇಕಾಗುತ್ತದೆ, ಬಗೆಯೂ ತೀವ್ರತೆಯೂ ಬೇಕು. ಆದರೆ ‘ಇದು ತೀವ್ರ ಸಿಸ್ಟೋಲಿಕ್ ವೈಫಲ್ಯವೇ ತಾನೆ?’ ಎಂದು ಉತ್ತರವನ್ನು ಬಾಯಿಗಿಡುವಂತೆ ಕೇಳುವುದು ನಿಷಿದ್ಧ. ಅದಕ್ಕೇ ಕರಡಿನಲ್ಲಿ ಎಕೋ (ಹೃದಯದ ಸ್ಕ್ಯಾನ್) ವರದಿಯ ಅಂಕಿ, ಕೊಟ್ಟ ಔಷಧ, ಆಯ್ಕೆಗಳು, ಕೊನೆಗೆ ‘ಬೇರೆ’ ಮತ್ತು ‘ಈಗಲೇ ಹೇಳಲಾಗದು’ ಎಂಬ ಎರಡು ಖಾನೆಗಳು ಕಡ್ಡಾಯ. ಈ ಎರಡರಲ್ಲಿ ಒಂದು ತಪ್ಪಿದರೂ ಕರಡು ಮುಂದೆ ಹೋಗುವುದಿಲ್ಲ.