ಸಮಮಿತಿ ಕಣ್ಣಿಗೆ ಬಿಡಬೇಡಿ, ಮಡಚಿ ನೋಡಿ, ತಿರುಗಿಸಿ ನೋಡಿ

ಏಳನೇ ಕ್ಲಾಸಿನಲ್ಲಿ ಸಮಾಂತರ ಚತುರ್ಭುಜಕ್ಕೆ ಎರಡು ಸಮಮಿತಿ ರೇಖೆ ಎಂದು ಬರೆದು ಮಾರ್ಕ್ಸ್ ಕಳೆದುಕೊಂಡವನು ನಾನು. ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಎರಡು ಸಮ ತುಂಡು ಬರುತ್ತದಲ್ಲ, ಇನ್ನೇನು ಬೇಕು ಅಂದುಕೊಂಡಿದ್ದೆ. ಈಗ ಮೈಸೂರಿನಲ್ಲಿ ನಮ್ಮ ಬೀದಿಯ ಮಕ್ಕಳು ಲೆಕ್ಕ ಹೇಳಿಸಿಕೊಳ್ಳಲು ಬಂದಾಗಲೂ ಅದೇ ತಪ್ಪು.

ಸಮ ತುಂಡಾದರೆ ಸಾಲದು. ಗೆರೆಯ ಮೇಲೆ ಮಡಚಿದಾಗ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ನೋಟ್‌ಬುಕ್ಕಿನ ಒಂದು ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಚಿ ನೋಡಿ, ಅಂಚು ಆಚೆ ಚಾಚಿಕೊಳ್ಳುತ್ತದೆ. ಅಂದರೆ ಆಯತಕ್ಕೆ ಉದ್ದಕ್ಕೊಂದು, ಅಡ್ಡಕ್ಕೊಂದು, ಎರಡೇ ರೇಖೆ. ಚೌಕಕ್ಕಾದರೆ ಕರ್ಣಗಳೂ ಸೇರಿ ನಾಲ್ಕು. ಸುಮ್ನೆ ಓರೆಯಾಗಿ ನಿಂತ ಸಮಾಂತರ ಚತುರ್ಭುಜಕ್ಕೆ ಒಂದೂ ಇಲ್ಲ.

ಆದರೆ ಅದನ್ನೇ ಬಟರ್ ಪೇಪರ್ ಮೇಲೆ ಇಳಿಸಿಕೊಂಡು, ಕರ್ಣಗಳು ಸೇರುವ ಕಡೆ ಗುಂಡುಸೂಜಿ ಚುಚ್ಚಿ, ಅರ್ಧ ಸುತ್ತು ತಿರುಗಿಸಿ: ಕೆಳಗಿನ ಚಿತ್ರದ ಮೇಲೆ ಹೋಗಿ ಕೂತುಬಿಡುತ್ತದೆ. ಇದು ಪರಿಭ್ರಮಣ ಸಮಮಿತಿ. (ಬಟರ್ ಪೇಪರ್ ಇಲ್ಲದಿದ್ದರೆ ತೆಳು ಹಾಳೆಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೂ ಆಗುತ್ತದೆ, ಬೈಗುಳ ಮಾತ್ರ ನಿಮ್ಮ ಪಾಲು.) ಹೊಸಿಲ ಮುಂದಿನ ಸ್ವಸ್ತಿಕವೂ ಇದೇ ಜಾತಿ. ಕಾಲು ಸುತ್ತಿಗೊಮ್ಮೆ ಮೊದಲಿನಂತೆಯೇ ಕಾಣುತ್ತದೆ, ಒಂದು ಸುತ್ತಿಗೆ ನಾಲ್ಕು ಸಲ. ಕನ್ನಡಿ ಹಿಡಿದರೆ ಮಾತ್ರ ಕೈಗಳು ಉಲ್ಟಾ ತಿರುಗಿಬಿಡುತ್ತವೆ.

ಗ್ರಾಫ್ ಲೆಕ್ಕಕ್ಕೆ ಸೂತ್ರ ಬಾಯಿಪಾಠ ಮಾಡುವ ಬದಲು ರಂಗೋಲಿ ಹಾಕಿ. ಏಳು ಚುಕ್ಕಿ, ಏಳು ಸಾಲು. ನಟ್ಟನಡುವಿನ ಚುಕ್ಕಿಯೇ ಮೂಲಬಿಂದು, (0, 0). ಈಗ (3, 1) ಚುಕ್ಕಿಗೆ, ಅಂದರೆ ಅಲ್ಲಿಂದ ಬಲಕ್ಕೆ ಮೂರು, ಮೇಲಕ್ಕೆ ಒಂದು ಮನೆ ದೂರದ ಚುಕ್ಕಿಗೆ, ಬಣ್ಣ ಹಚ್ಚಿ (ಎಡಕ್ಕೆ, ಕೆಳಕ್ಕೆ ಹೋದರೆ ಮೈನಸ್). ಹಾಳೆಯನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸುತ್ತಾ ಹೋದರೆ ಆ ಚುಕ್ಕಿ (-1, 3), ಆಮೇಲೆ (-3, -1), ಆಮೇಲೆ (1, -3)ಕ್ಕೆ ಬಂದು ಮತ್ತೆ ಮನೆ ಸೇರುತ್ತದೆ. ಎರಡು ಸಂಖ್ಯೆ ಜಾಗ ಬದಲಿಸುತ್ತವೆ, ಜಾಗ ಬದಲಿಸಿದ ಮೇಲೆ ಮೊದಲಿರುವುದರ ಚಿಹ್ನೆ ತಿರುಗುತ್ತದೆ, ಅಷ್ಟೇ. ಪ್ರತಿಫಲನದಲ್ಲಿ ಜಾಗ ಬದಲಾಗುವುದಿಲ್ಲ: ನಿಂತ ಅಕ್ಷದ ಕನ್ನಡಿಯಲ್ಲಿ (-3, 1), ಮಲಗಿದ ಅಕ್ಷದ ಕನ್ನಡಿಯಲ್ಲಿ (3, -1). ಎರಡೂ ಕನ್ನಡಿ ಒಂದಾದ ಮೇಲೊಂದು ಹಿಡಿದರೆ (-3, -1). ಅರ್ಧ ಸುತ್ತು ತಿರುಗಿಸಿದಾಗ ಬಂದದ್ದೂ ಅದೇ ಅಲ್ವಾ? ನನಗೆ ಇದು ಹೊಳೆದದ್ದು ಪರೀಕ್ಷೆಯೆಲ್ಲ ಮುಗಿದು ಎಷ್ಟೋ ವರ್ಷದ ಮೇಲೆ.

ಸ್ಥಾನಾಂತರ ಸುಲಭ, ಸೀರೆ ಅಂಚಿನ ಹೂವು ಮುಂದೆ ಮುಂದೆ ಸರಿದಂತೆ. ನಾಲ್ಕು ಮನೆ ಬಲಕ್ಕೆ ಅಂದರೆ (3, 1) ಹೋಗಿ (7, 1).

ರಜೆಯಲ್ಲಿ ಸೋಮನಾಥಪುರಕ್ಕೆ ಹೋದರೆ ಒಂದು ಕೆಲಸ ಮಾಡಿ. 1258ರ ಕೇಶವ ದೇವಾಲಯದಲ್ಲಿ ಮೂರು ಗರ್ಭಗುಡಿ, ಪಶ್ಚಿಮಕ್ಕೊಂದು, ಉತ್ತರಕ್ಕೊಂದು, ದಕ್ಷಿಣಕ್ಕೊಂದು. ಅದರ ನಕ್ಷೆ ಬರೆದು, ಉತ್ತರದ ಗುಡಿ ದಕ್ಷಿಣದ ಗುಡಿಯ ಮೇಲೆ ಕೂರಬೇಕಾದರೆ ಎಲ್ಲಿ ಮಡಚಬೇಕು ಹುಡುಕಿ. ವಿಗ್ರಹಗಳನ್ನು ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ: ಉತ್ತರದಲ್ಲಿರುವವನು ಜನಾರ್ದನ, ದಕ್ಷಿಣದಲ್ಲಿ ಕೊಳಲೂದುವವನು ವೇಣುಗೋಪಾಲ.