ಮೌಸ್ ಹಿಡಿದು ಜಿ1000 ಕಲಿತದ್ದು

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಸೆಸ್ನಾ 172 ಅನ್ನೋ ಪುಟ್ಟ ವಿಮಾನ ಹಾರಿಸೋದು ಅಂಥ ಕಷ್ಟವೇನಲ್ಲ. ಹಳೆಯ ಮುಳ್ಳಿನ ಮೀಟರುಗಳಿರುವ ವಿಮಾನ ಬಿಟ್ಟು ಗಾರ್ಮಿನ್ ಜಿ1000 (ಮೀಟರುಗಳ ಬದಲು ಎಲ್ಲವನ್ನೂ ಸ್ಕ್ರೀನಿನಲ್ಲೇ ತೋರಿಸುವ ವ್ಯವಸ್ಥೆ) ಇರುವ ಮಾದರಿಗೆ ಬಂದಾಗ ಮಾತ್ರ ತಲೆ ಕೆಟ್ಟಿತು. ಎರಡು ದೊಡ್ಡ ಸ್ಕ್ರೀನು, ಸುತ್ತ ಬರೀ ಬಟನ್ನು, ನಾಬು. ಸ್ಕ್ರೀನ್ ಓದೋದು ಬೇಗ ಬಂತು. ಎಡಗಡೆ ವೇಗ, ಬಲಗಡೆ ಎತ್ತರ, ಕೆಳಗೆ ದಿಕ್ಕು, ಅಷ್ಟೇ ಅಲ್ವಾ. ಸತಾಯಿಸಿದ್ದು ನಾಬುಗಳು.

ಹೆಚ್ಚಿನ ನಾಬುಗಳು ಎರಡು ಪದರ. ಹೊರಗೆ ದೊಡ್ಡದು, ಒಳಗೆ ಚಿಕ್ಕದು. ಎಷ್ಟೋ ನಾಬುಗಳಲ್ಲಿ ಚಿಕ್ಕದನ್ನು ಒತ್ತಲೂ ಬಹುದು. ನಿಜವಾದ ನಾಬಾದರೆ ಬೆರಳಿಗೇ ಗೊತ್ತಾಗುತ್ತದೆ. ಮೌಸಿನಲ್ಲಿ ಹಾಗಲ್ಲ, ಪಾಯಿಂಟರ್ ಒಂಚೂರು ಜರುಗಿದರೆ ಎತ್ತರದ ಗುರಿ ನೂರು ಅಡಿ ಏರುವ ಬದಲು ಸಾವಿರ ಅಡಿ ಹಾರಿಬಿಡುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಬಲಗಡೆಯ ಆಲ್ಟ್ ಕೀ ಒತ್ತಿಕೊಂಡು ಕ್ಲಿಕ್ ಮಾಡಿದರೆ ಸ್ಕ್ರೀನ್ ಬೇರೆ ವಿಂಡೋ ಆಗಿ ಬರುತ್ತದೆ, ಎರಡನೇ ಮಾನಿಟರ್‌ಗೆ ಎಳೆದುಕೊಳ್ಳಬಹುದು, ಆದರೆ ನಾಬುಗಳು ಕಾಕ್‌ಪಿಟ್‌ನಲ್ಲೇ ಉಳಿಯುತ್ತವೆ. ಎಕ್ಸ್-ಪ್ಲೇನ್ ಅನ್ನೋ ಇನ್ನೊಂದು ಸಿಮ್ಯುಲೇಟರ್‌ನಲ್ಲಿ ನಾಬು ಸಮೇತ ಬರುತ್ತದೆ. ನಾನು ದಿಕ್ಕು, ಎತ್ತರ ಎರಡರ ನಾಬುಗಳನ್ನೂ ಜಾಯ್‌ಸ್ಟಿಕ್ ಬಟನ್‌ಗಳಿಗೆ ಕೊಟ್ಟುಬಿಟ್ಟೆ. ದುಬಾರಿ ಪ್ಯಾನೆಲ್ ಕೊಳ್ಳೋದು ಆಮೇಲಿನ ಮಾತು.

ಕಲಿತದ್ದು ನೆಲದ ಮೇಲೆ. ಮೈಸೂರು ವಿಮಾನ ನಿಲ್ದಾಣದಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಓಡುತ್ತಿರಲಿ ಅಂತ ಬಿಟ್ಟು (ಬರೀ ಬ್ಯಾಟರಿ ಮೇಲೆ ಕೂತರೆ ಅದು ಖಾಲಿಯಾಗುತ್ತೆ), ಹೋಗುವ ದಾರಿ ತುಂಬಿಸುವ ಎಫ್‌ಎಂಎಸ್ ನಾಬ್ ಒಂದನ್ನೇ ತಿರುಗಿಸುತ್ತಾ ಕೂತೆ. ಮಂಗಳೂರಿಗೆ ನೇರ ದಾರಿ ಹಾಕಬೇಕು ಅಂದುಕೊಳ್ಳಿ. ‘ಡಿ’ ಮೇಲೆ ಬಾಣದ ಗುರುತಿರುವ ಬಟನ್ ಒತ್ತಿದರೆ ಚಿಕ್ಕ ವಿಂಡೋ ತೆರೆಯುತ್ತದೆ. ಚಿಕ್ಕ ನಾಬ್ ತಿರುಗಿಸಿದರೆ ಅಕ್ಷರ ಬದಲಾಗುತ್ತದೆ, ದೊಡ್ಡದು ತಿರುಗಿಸಿದರೆ ಮುಂದಿನ ಮನೆಗೆ ಹೋಗುತ್ತದೆ. ವಿ, ಓ, ಎಂ, ಎಲ್. ದಕ್ಷಿಣ ಭಾರತದ ನಿಲ್ದಾಣಗಳ ಕೋಡ್ ‘ವಿಓ’ ಅಂತಲೇ ಶುರು, ಹಾಗಾಗಿ ಆ ಎರಡು ಅಕ್ಷರ ಕೈಗೆ ಬೇಗ ಕೂರುತ್ತೆ. ಎಂಟರ್ ಒತ್ತಿ, ‘ಆಕ್ಟಿವೇಟ್?’ ಅಂತ ಕೇಳಿದಾಗ ಇನ್ನೊಮ್ಮೆ ಒತ್ತಿದರೆ ನೇರಳೆ ಗೆರೆ ಬೀಳುತ್ತದೆ. ಇದನ್ನು ನೋಡದೇ ಮಾಡುವಷ್ಟು ರೂಢಿಯಾದ ಮೇಲೆ ಫ್ಲೈಟ್ ಪ್ಲಾನ್ ಪುಟವೂ ಸುಲಭ, ಯಾಕಂದ್ರೆ ಅಲ್ಲೂ ಇದೇ ನಾಬು, ಇದೇ ಆಟ.

ಇನ್ನೊಂದು ಚಿಕ್ಕ ವಿಷಯ. ಗಾಳಿಯ ಒತ್ತಡವನ್ನು ಜಿ1000 ಪಾದರಸದ ಇಂಚುಗಳಲ್ಲಿ ತೋರಿಸುತ್ತದೆ, 29.92 ಥರ. ನಮ್ಮ ಕಡೆ ಕೊಡೋದು ಹೆಕ್ಟೋಪ್ಯಾಸ್ಕಲ್‌ನಲ್ಲಿ, 1013 ಥರ. ಸ್ಕ್ರೀನ್ ಕೆಳಗಿನ ಬಟನ್‌ಗಳಲ್ಲಿ ಇದನ್ನು ಬದಲಿಸುವ ದಾರಿ ಇದೆ, ಮೊದಲೇ ಬದಲಿಸಿಟ್ಟುಕೊಳ್ಳಿ.

ಈಗ ಆಟೋಪೈಲಟ್. ಎಪಿ ಬಟನ್ ಒತ್ತಿದರೆ ವಿಮಾನ ಗೆರೆ ಹಿಡಿದು ಹೋಗುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಇಲ್ಲ. ಬರೀ ಎಪಿ ಒತ್ತಿದರೆ ಸ್ಕ್ರೀನ್ ಮೇಲ್ತುದಿಯಲ್ಲಿ ‘ರೋಲ್’, ‘ಪಿಚ್’ ಎರಡರ ಸಂಕ್ಷೇಪ ಮಾತ್ರ ಹಸಿರಾಗಿ ಬರುತ್ತೆ. ಅಂದರೆ ರೆಕ್ಕೆ, ಮೂತಿ ಇದ್ದ ಹಾಗೇ ಇರುತ್ತವೆ, ದಾರಿ ಗೀರಿ ಏನೂ ಗೊತ್ತಿಲ್ಲ ಅದಕ್ಕೆ. ದಾರಿ ಹಿಡಿಸುವ ನ್ಯಾವ್ ಬಟನ್ ಒತ್ತಿದ ಮೇಲೆ ‘ಜಿಪಿಎಸ್’ ಅಂತ ಬರಬೇಕು. ಬಿಳಿ ಇದ್ದರೆ ಕಾಯ್ತಾ ಇದೆ, ಹಸಿರಾದರೆ ಹಿಡಿದಿದೆ. ಬಟನ್ ಒತ್ತಿದ್ದನ್ನು ನಂಬಬೇಡಿ, ಆ ಸಾಲನ್ನು ನಂಬಿ. ನನ್ನ ಪ್ರಕಾರ ಇಡೀ ಜಿ1000ನಲ್ಲಿ ಅದಕ್ಕಿಂತ ಮುಖ್ಯವಾದ ಜಾಗ ಇಲ್ಲ.

ಮೈಸೂರಿನಿಂದ ಮಂಗಳೂರಿಗೆ ಹೋಗುವಾಗ ಕೊಡಗಿನ ಬೆಟ್ಟ ದಾಟಬೇಕು. ತಡಿಯಂಡಮೋಳ್ 1748 ಮೀಟರ್, ಸುಮಾರು 5,700 ಅಡಿ. ನಾನು 8,500 ಅಡಿಗೆ ಏರುತ್ತೇನೆ. ಏರುವಾಗ ವಿಎಸ್ ಬಟನ್ ಒತ್ತಿ ನಿಮಿಷಕ್ಕೆ 700 ಅಡಿ ಅಂತ ಕೊಟ್ಟು ನೋಡಿ. ಮೇಲೆ ಹೋದಂತೆ ಎಂಜಿನ್‌ಗೆ ಅಷ್ಟು ಶಕ್ತಿ ಇರಲ್ಲ, ಆಟೋಪೈಲಟ್ ಮಾತ್ರ ಮೂತಿ ಎತ್ತುತ್ತಲೇ ಇರುತ್ತದೆ, ವೇಗ ಇಳಿದು ಇಳಿದು ಕೊನೆಗೆ ಸ್ಟಾಲ್ ಹಾರ್ನ್ (ರೆಕ್ಕೆ ಇನ್ನು ವಿಮಾನ ಎತ್ತಿಹಿಡಿಯಲ್ಲ ಅನ್ನೋ ಎಚ್ಚರಿಕೆ) ಕೂಗುತ್ತೆ. ಅದರ ಬದಲು ಎಫ್‌ಎಲ್‌ಸಿ ಬಟನ್ ಒತ್ತಿದರೆ ವೇಗ ಹಿಡಿದಿಟ್ಟುಕೊಂಡು ಆದಷ್ಟು ಏರುತ್ತದೆ. ನಾನು 80 ನಾಟ್ಸ್ ಇಟ್ಟು ಫುಲ್ ಥ್ರಾಟಲ್ ಕೊಟ್ಟು ಸುಮ್ನೆ ಕೂರುತ್ತೇನೆ.

ಮಂಗಳೂರಿನ 24ನೇ ರನ್‌ವೇಗೆ ಐಎಲ್‌ಎಸ್ (ಇಳಿಯುವ ದಾರಿ ತೋರಿಸುವ ರೇಡಿಯೋ ಸಂಕೇತ) ಇದೆ. ಪ್ರೊಸೀಜರ್ ಬಟನ್‌ನಿಂದ ಅದನ್ನು ಲೋಡ್ ಮಾಡಿ, ದಾರಿ ತೋರಿಸುವ ಸೂಜಿ ಜಿಪಿಎಸ್‌ನ ನೇರಳೆಯಿಂದ ಐಎಲ್‌ಎಸ್‌ನ ಹಸಿರಿಗೆ ತಿರುಗಿದ್ದನ್ನು ಖಚಿತ ಮಾಡಿಕೊಂಡೇ ಅಪ್ರೋಚ್ ಒತ್ತೋದು. ತಿರುಗದಿದ್ದರೆ ಸಿಡಿಐ ಬಟನ್ ಒತ್ತಿ ನೀವೇ ಬದಲಿಸಿ.

ಸೆಸ್ನಾಗೆ ಗಾರ್ಮಿನ್ ಮಾಡಿದ ಕಾಕ್‌ಪಿಟ್ ರೆಫರೆನ್ಸ್ ಗೈಡ್ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಬೇಡಿ, ಆಟೋಪೈಲಟ್ ಅಧ್ಯಾಯ ಒಂದನ್ನು ಓದಿ ಸಾಕು.